ದೋಣಿ ಹಾಡಿನಲ್ಲಿ ಕಂಡ ಅಮ್ಮ

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಅವರ ಅಕ್ಕನ ಮಗಳು. ಹೊಸ ಸಿನಿಮಾಗಳಲ್ಲಿ ಹೊಡೆದಾಟ ಬಿಟ್ಟರೆ ಏನೂ ಇಲ್ಲವೆಂದು ಹೆಂಗಸು ಔಷಧಿ ಬಿಟ್ಟ ಕಣ್ಣು ಒರೆಸಿಕೊಳ್ಳುತ್ತ ಗೊಣಗುತ್ತಿದ್ದರು.

“ಹಳೇದೊಂದು ಮತ್ತೆ ಬಂದಿದೆ ಚಿಕ್ಕಮ್ಮ. ನಿನ್ನೆ ನೋಡಿದೆ.”

“ಯಾವುದು?”

“ದೋಣಿ ಹಾಡು ಇದೆಯಲ್ಲ, ಅದು. ನಾಯಕಿ ಹಿಂದೆ ಕುಣಿಯೋ ಹುಡುಗೀರಲ್ಲಿ ಒಬ್ಬಳು ನಮ್ಮಮ್ಮ.”

ಚಿಕ್ಕಮ್ಮ ಕಣ್ಣೊರೆಸುವುದನ್ನು ನಿಲ್ಲಿಸಿದರು.

“ಇನ್ಯಾರನ್ನೋ ನೋಡಿರ್ತೀಯ.”

“ಗಲ್ಲದ ಮಚ್ಚೆ ಸಮೇತ ನೋಡಿದೆ. ಟೀವಿಲಿ ಹಾಡು ಬಂದ್ರೆ ಎದ್ದು ಹೋಗೋಳು, ಈಗ ಗೋಡೆ ಹಿಡ್ಕೊಂಡು ನಡೆಯೋಳು, ಅಲ್ಲಿ ಜಿಂಕೆ ಥರ ನೆಗೀತಿದ್ದಳು.”

“ಎರಡನೇ ಚರಣದಲ್ಲಿ ಇದ್ದಳಾ?”

“ಇಲ್ಲ. ಹುಡುಕಿದೆ, ಕಾಣಲಿಲ್ಲ.”

“ಶೂಟಿಂಗ್ ಮಧ್ಯದಲ್ಲಿ ಕಾಲಡಿ ದೋಣಿ ಹಲಗೆ ಮುರಿದು ಬಿದ್ದಳು. ಅವಳನ್ನ ಆಸ್ಪತ್ರೆಗೆ ಸಾಗಿಸಿ, ಒಬ್ಬಳು ಕಮ್ಮಿಯಾದ್ರೆ ಯಾರಿಗೆ ಗೊತ್ತಾಗುತ್ತೆ ಅಂತ ಹಾಡು ಮುಗಿಸಿದ್ರು.”

“ನಮಗೆ ಮೆಟ್ಟಿಲಿಂದ ಜಾರಿ ಬಿದ್ದು ಕಾಲು ಹೀಗಾಯ್ತು ಅಂದಿದ್ಳು.”

“ಹಾಗೇ ಹೇಳ್ಬೇಕು ಅಂತ ನನ್ನ ಹತ್ರಾನೂ ಆಣೆ ಹಾಕಿಸ್ಕೊಂಡಿದ್ಳು. ಆ ಸಿನಿಮಾನ ಇವತ್ತಿನವರೆಗೂ ನೋಡಿಲ್ಲ ಅವಳು.”

ನರ್ಸ್ ಕರೆದಾಗ ಚಿಕ್ಕಮ್ಮ ಎದ್ದರು. ಹುಡುಗಿ ಕೂತೇ ಇದ್ದಳು.

“ಎಲ್ಲರಿಗಿಂತ ಚೆನ್ನಾಗಿ ಕುಣೀತಿದ್ದಳು, ಚಿಕ್ಕಮ್ಮ.”

“ಅದನ್ನ ಅವಳಿಗೇ ಹೇಳು. ಇದುವರೆಗೂ ಯಾರೂ ಹೇಳಿಲ್ಲ,” ಎಂದು ಅವಳನ್ನು ಎಬ್ಬಿಸಿಕೊಂಡು ಒಳಗೆ ಹೋದರು.