ಮದುಮಗಳ ಗಾಡಿಯ ಜೋಡೆತ್ತು

ಹೋದ ವರ್ಷ ಬೇಸಿಗೆಯಲ್ಲಿ ಹುಕ್ಕೇರಿಯಲ್ಲೊಂದು ಭಾರೀ ಅನಾಹುತವಾಯಿತು. ಮದುಮಗಳೊಬ್ಬಳ ಮುಖದ ಪೌಡರು ಬೆವರಿಗೆ ಕರಗಿ ಗಲ್ಲದ ಮೇಲೆ ಗೆರೆಗೆರೆಯಾಗಿ ಇಳಿಯಿತು. ಜೀವಹಾನಿಯಾಗಲಿಲ್ಲ. ಆದರೆ ಯಾರಾದರೂ ತಡೆಯುವ ಮೊದಲೇ ಫೋಟೋಗಳು ನೆಂಟರ ಫೋನು ಸೇರಿದ್ದವು.

ಅನಾಹುತದ ಹೊಣೆ ಬಂದದ್ದು ಮಮದಾಪುರದ ಗಜಾನನನ ತಲೆಗೆ. ಮೂಡಲಗಿಯಲ್ಲಿ ಅವನದು ಪೆಂಡಾಲಿನ ಅಂಗಡಿ. ಸಿನಿಮಾದವರು ಬಳಸಿ ಬಿಟ್ಟ ಹಳೆಯ ಕ್ಯಾರವಾನ್ ಒಂದನ್ನು ತಂದು, ಗೋಕಾಕದಲ್ಲಿ ಗುಲಾಬಿ ಬಣ್ಣ ಹೊಡೆಸಿ, ಮದುಮಕ್ಕಳ ಸಿಂಗಾರಕ್ಕೆಂದು ಬಾಡಿಗೆಗೆ ಬಿಟ್ಟಿದ್ದ. ಒಳಗೆ ಆಳೆತ್ತರದ ಕನ್ನಡಿ, ಸೋಫಾ, ಎಸಿ. ಜನ ಅದನ್ನು ಮದುಮಗಳ ಗಾಡಿ ಎನ್ನುತ್ತಿದ್ದರು. ಅದಕ್ಕೆ ಕರೆಂಟು ಕೊಡುತ್ತಿದ್ದುದು ಕೈಯಲ್ಲಿ ಎತ್ತಿ ಒಯ್ಯುವಂಥ ಒಂದು ಸಣ್ಣ ಜನರೇಟರ್. ದೀಪ, ಫ್ಯಾನು ಎಷ್ಟಿದ್ದರೂ ಎಳೆಯುತ್ತಿತ್ತು. ಎಸಿ ಹಚ್ಚಿದ ಕೂಡಲೇ 'ಗುಕ್' ಎಂದು ನಿಂತುಬಿಡುತ್ತಿತ್ತು. ಹುಕ್ಕೇರಿಯಲ್ಲೂ ಹಾಗೇ ನಿಂತಿತು.

ಗಜಾನನ ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದನ್ನು ತಂದ. ಅಂಥ ಎರಡನ್ನು ಬಾಜೂಬಾಜೂ ಇಟ್ಟು ವೈರಿನಿಂದ ಕೂಡಿಸಿದರೆ ಎರಡರ ಬಲ ಒಂದಾಗುತ್ತದೆ, ಎಸಿ ತಣ್ಣಗೆ ಓಡುತ್ತದೆ. ಆ ವೈರು ಕಟ್ಟಿಕೊಟ್ಟವನು ಅವನ ಚಿಕ್ಕಂದಿನ ಗೆಳೆಯ, ಮಮದಾಪುರದ ಬಾಬಾಲಾಲ. ಕಾರಹುಣ್ಣಿಮೆಗೆ ಎತ್ತುಗಳಿಗೆ ಹಚ್ಚುವಂತೆ ಗಜಾನನ ಎರಡೂ ಮಷೀನಿಗೆ ಅರಿಷಿಣ ಕುಂಕುಮ ಹಚ್ಚಿ, ಜೋಡೆತ್ತು ಎಂದು ಹೆಸರಿಟ್ಟ. ಆ ಮೇಲೆ ಯಾವ ಪೌಡರೂ ಕರಗಲಿಲ್ಲ.

ಮಮದಾಪುರದಲ್ಲಿ ಹಿಂದಿನಿಂದ ಒಂದು ರೂಢಿ. ಸಾವಾದ ಮನೆಯವರು ಬೆಳಕು ಕೇಳಬಾರದು. ಅವರು ಕೇಳುವ ಮೊದಲೇ ಓಣಿಯವರು ಒಯ್ಯಬೇಕು. ಗಜಾನನ ಸಣ್ಣವನಿದ್ದಾಗ ಅವನ ಅಪ್ಪ ತೀರಿಕೊಂಡ ರಾತ್ರಿ ಎಲ್ಲಕ್ಕಿಂತ ಮೊದಲು ಬಾಗಿಲಿಗೆ ಬಂದದ್ದು ಒಂದು ಸಪ್ಪಳ. ಕಿರ್ರ್... ಕಿರ್ರ್... ಬಾಬಾಲಾಲನ ತಾಯಿ ಗುಡುಬಿಯ ಕಂದೀಲು ಅದು. ಅದರ ತಂತಿಯ ಹಿಡಿಕೆ ಹಾಗೆ ಕಿರುಗುಟ್ಟುತ್ತಿತ್ತು. ಬೆಳಗಾಗುವ ತನಕ ಆಕೆ ಅದನ್ನು ಕೈಯಿಂದ ಇಳಿಸಲಿಲ್ಲ.

ಈ ವರ್ಷ ಮಮದಾಪುರದಲ್ಲೇ ಒಂದು ಮದುವೆ ಬಂತು. ರಾವಸಾಹೇಬರ ಮಗಳು ಕಾಜಲ್‌ಳದು. ಅರಿಷಿಣದ ದಿನ ಸಂಜೆ ಗಾಳಿ ಮಳೆ ಜೋರಾಗಿ ಕಂಬಗಳು ಉರುಳಿ, ಊರಿಗೆ ಊರೇ ಕತ್ತಲಾಯಿತು. ಮದುಮಗಳ ಗಾಡಿ ಮಾತ್ರ ಹೊಲದ ನಡುವೆ ಝಗಝಗ ಎನ್ನುತ್ತಿತ್ತು. ಜೋಡೆತ್ತು 'ಗುರ್ರ್ರ್' ಎಂದು ಒಂದೇ ದನಿಯಲ್ಲಿ ಓಡುತ್ತಿದ್ದವು. ಆಗ ಬಾಬಾಲಾಲ ಬಂದ. ತೊಯ್ದು ತಪ್ಪಡಿಯಾಗಿದ್ದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಗಜೂ... ಅವ್ವ ಹ್ವಾದಳು."

"ಯಾವಾಗೋ?"

"ಈಗ. ರಾತ್ರೀನ ಮಣ್ಣ ಕೊಡ್ತೇವಿ. ಮೈ ತೊಳಿಯಾಕ ಬೆಳಕಿಲ್ಲ, ಕುಣಿ ತೋಡಾಕ ಬೆಳಕಿಲ್ಲ. ಒಂದ ಮಷೀನ ಕೊಡಪಾ. ದೀಪಕ್ಕಷ್ಟ."

ಅಷ್ಟರಲ್ಲಿ ಗಾಡಿಯ ಕಿಟಕಿ ಸರಿಯಿತು. ಮೇಕಪ್ಪಿನ ಹೆಣ್ಣುಮಗಳು ತಲೆ ಹಾಕಿದಳು. "ಅಣ್ಣಾ, ಎಸಿ ಬಂದ್ ಆಗೂದಿಲ್ಲಲ್ರಿ? ಹುಕ್ಕೇರಿದು ಎಲ್ಲಾ ಕೇಳೇವ್ರಿ ನಾವು."

ಗಜಾನನ ಕಿಟಕಿಯ ಕಡೆ ನೋಡಿದ. ಆಮೇಲೆ ಗೆಳೆಯನ ಹೆಗಲಿನಾಚೆ, ಏನೂ ಇಲ್ಲದ ಕಡೆ ನೋಡುತ್ತ ಹೇಳಿದ:

"ಅವು ಜೋಡೀಲೆ ಓಡಿ ರೂಢಿ ಬಿದ್ದಾವೋ. ಒಂದನ್ನ ಬಿಚ್ಚಿದ್ರ ಎರಡೂ ಕೆಡ್ತಾವು. ಜೋಡೆತ್ತು ಅಗಲಸಬಾರದು ಅಂತ ಹಿರ್ಯಾರ ಹೇಳ್ಯಾರಲ್ಲ..."

ಬಾಬಾಲಾಲ ಮಷೀನು ನೋಡಿದ. ಗೆಳೆಯನ ಮುಖ ನೋಡಿದ.

"ಖರೇನ?"

"ಖರೆ."

"ಆತು ಬಿಡು," ಎಂದು ಹೊರಟುಹೋದ. ಕೆಸರಿನಲ್ಲಿ ಒಂದು ಚಪ್ಪಲಿಯ ಗುರುತು, ಒಂದು ಬರಿಗಾಲಿನ ಗುರುತು ಉಳಿದವು.

ಎಸಿ ಚೆನ್ನಾಗಿ ಓಡಿತು. ಮದುಮಗಳಿಗೆ ಚಳಿಯಾಗಿ ಶಾಲು ಹೊದಿಸಬೇಕಾಯಿತು. ಕಬರಸ್ತಾನದಲ್ಲಿ ಫೋನಿನ ಬೆಳಕು ಹಿಡಿದು ಕುಣಿ ತೋಡಿದರು. ಗಜಾನನ ಮಣ್ಣಿಗೆ ಹೋಗಲಿಲ್ಲ. ಹೋದರೆ ಯಾರಾದರೂ ಬೆಳಕಿನ ಮಾತು ತೆಗೆಯುತ್ತಿದ್ದರು.

ಎಲ್ಲ ಮುಗಿದಾಗ ಊರು ಮಲಗಿತ್ತು. ಅವನು ತನ್ನ ಕೈಯಾರೆ ಎರಡೂ ಮಷೀನು ಬಂದ್ ಮಾಡಿ ಮನೆಯ ಕಡೆ ಹೊರಟ. ದಾರಿ ಎರಡಿದ್ದವು. ಒಂದು ಬಾಬಾಲಾಲನ ಮನೆಯ ಮುಂದೆ ಹಾದು ಹೋಗುತ್ತದೆ. ಇನ್ನೊಂದು ಹಾಳು ಬಾವಿ, ಆಲದ ಮರ, ಕಬರಸ್ತಾನದ ಗೋಡೆಯ ಗುಂಟ. ದೆವ್ವಕ್ಕಿಂತ ಗೆಳೆಯನ ಮುಖಕ್ಕೆ ಹೆಚ್ಚು ಹೆದರಿ, ಅವನು ಬಾವಿಯ ದಾರಿ ಹಿಡಿದ. ಫೋನಿನಲ್ಲಿ ಚಾರ್ಜು ಇರಲಿಲ್ಲ. ಎರಡು ಜನರೇಟರಿನ ಯಜಮಾನ ಚಾರ್ಜಿಗೆ ಹಾಕುವುದನ್ನು ಮರೆತಿದ್ದ.

ಆಲದ ಎಲೆಯಿಂದ ಮಳೆನೀರು ಬಾವಿಯೊಳಗೆ ಬೀಳುತ್ತಿತ್ತು. ತೊಟಕ್... ತೊಟಕ್... ಅವನು ಬಾವಿ ದಾಟಿದ. ಆ ಸಪ್ಪಳ ನಿಂತಿತು. ಬೆನ್ನ ಹಿಂದೆ ಇನ್ನೊಂದು ಹುಟ್ಟಿತು.

ಕಿರ್ರ್... ಕಿರ್ರ್...

ಅವನು ನಿಂತ. ಅದೂ ನಿಂತಿತು.

"ಯಾರು?"

"ಕತ್ತಲೈತಿ ಗಜ್ಯಾ..." ಪಿಸುಮಾತು. ಕಿವಿಯ ಹತ್ತಿರವೂ ಅಲ್ಲ, ದೂರವೂ ಅಲ್ಲ. "ಬೆಳಕ ಹಿಡೀಲೇನು?"

ಅವನನ್ನು ಗಜ್ಯಾ ಎಂದು ಕರೆಯುವ ಜೀವ ಊರಿನಲ್ಲಿ ಒಂದೇ ಇತ್ತು. ಅದನ್ನು ಆಗಷ್ಟೇ ಗೋಡೆಯ ಆಚೆ ಮಣ್ಣು ಮಾಡಿದ್ದರು.

ಬೇಡ ಎನ್ನಲು ಬಾಯಿ ತೆರೆದ. ಆಗ ಅವನ ನೆರಳು ಅವನ ಮುಂದೆ ಬಿತ್ತು... ಉದ್ದಕ್ಕೆ, ಕೆಸರಿನ ಮೇಲೆ. ಸುತ್ತ ಹಳದಿ ಬೆಳಕು.

"ನಡಿ. ಕೆಸರೈತಿ, ಕಾಲ ನೋಡ್ಕೊಂಡ ನಡಿ."

ಬೈದಿದ್ದರೆ ಅವನು ಓಡುತ್ತಿದ್ದ. ಬೈಯಲಿಲ್ಲ. ಹೊಂಡ ಬಂದಲ್ಲಿ ಬೆಳಕು ಕೆಳಗಿಳಿಯಿತು. ಕಲ್ಲು ಬಂದಲ್ಲಿ ಪಕ್ಕಕ್ಕೆ ಸರಿಯಿತು. ಸಣ್ಣ ಹುಡುಗನನ್ನು ಮನೆಗೆ ಮುಟ್ಟಿಸುವ ಹಾಗೆ. ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆ ಅವನ ಕುತ್ತಿಗೆಯನ್ನು ಹಿಡಿದಿತ್ತು. ಓಣಿಯ ತುದಿಗೆ ಬಂದಾಗ ತಲೆ ತಗ್ಗಿಸಿಯೇ ಹೇಳಿದ:

"ಅವ್ವಾ... ಮಷೀನ ಅಗಲಸಬಹುದಿತ್ತು."

ಕಿರ್ರ್... ಕಿರ್ರ್...

"ಗೊತ್ತೈತಿ. ನಡಿ."

ಹೊಸ್ತಿಲು ಮುಟ್ಟಿದೊಡನೆ ಬೆಳಕು ಹೋಯಿತು. ಬಾಗಿಲು ತೆರೆದ ಹೆಂಡತಿ ನಂದಾ ಅವನ ಹಿಂದೆ ಇಣುಕಿ ನೋಡಿದಳು. "ಯಾರ ಬಂದಿದ್ರು ನಿಮ್ಮ ಸಂಗಾಟ? ಕಿಡಕ್ಯಾಗ ಕಂದೀಲ ಕಂಡಂಗಾತು."

ಬೆಳಗಾದ ಕೂಡಲೇ ಗಜಾನನ ಬಾಬಾಲಾಲನ ಮನೆಗೆ ಹೋದ. ಬಾಬಾಲಾಲ ಕಟ್ಟೆಯ ಮೇಲೆ ಕೂತಿದ್ದ. ಜಾಗ ಬಿಟ್ಟು ಸರಿದ.

"ಬಾಬಾ... ಅವ್ವನ ಕಂದೀಲ ಎಲ್ಲೈತಿ?"

"ಅದನ್ನ ಎಂದೋ ಗುಜರಿಗೆ ಹಾಕೇವಿ. ಅದು ಇದ್ದಿದ್ರ ನಿನ್ನ ಕಡೆ ಯಾಕ ಬರ್ತಿದ್ದೆ?"

ಗಜಾನನ ಪಕ್ಕದಲ್ಲಿ ಕೂತ. "ನಿನ್ನೆ ನಾ ಹೇಳಿದ್ದು ಸುಳ್ಳೋ."

"ವೈರ ಕಟ್ಟಿದಾಂವ ನಾನ," ಎಂದ ಬಾಬಾಲಾಲ. "ಚಾ ಕುಡೀತಿ?"

ಇಬ್ಬರೂ ಚಹಾ ಕುಡಿದರು.

ಮರುದಿನ ಮದುವೆಗೆ ಗಜಾನನ ಜೋಡೆತ್ತನ್ನು ಕೂಡಿಸಿದ. ಒಂದು 'ಗುಕ್' ಎಂದು ನಿಂತಿತು. ಬಿಚ್ಚಿದ. ಎರಡೂ ಬೇರೆ ಬೇರೆಯಾಗಿ ಸೊಗಸಾಗಿ ಓಡಿದವು. ಕೂಡಿಸಿದ. ಗುಕ್. ಗೋಕಾಕದಲ್ಲಿ ಬಿಚ್ಚಿ ನೋಡಿದರು, ಹೊಸ ವೈರು ಹಾಕಿದರು. ಬಾಬಾಲಾಲನೇ ಬಂದು ಕೂಡಿಸಿದ. ಐಬು ಎಂಬುದು ಒಂದೂ ಸಿಗಲಿಲ್ಲ. ಅಗಲಿಸಿದರೆ ಕೆಡುತ್ತವೆ ಎಂದು ಹೇಳಿಸಿಕೊಂಡ ಮಷೀನುಗಳು ಅಂದಿನಿಂದ ಜೊತೆಯಾಗಿ ಓಡಲೇ ಇಲ್ಲ.

ಇದೆಲ್ಲ ಕಟ್ಟುಕತೆ ಎನ್ನುವವರು ಮೂಡಲಗಿಯಲ್ಲಿ ಇದ್ದಾರೆ. ಅವರು ಮಮದಾಪುರಕ್ಕೆ ಹೋಗಿ ಗಜಾನನನ ಮನೆಯ ಹೊಸ್ತಿಲು ನೋಡಬಹುದು. ಕಲ್ಲಿನ ಮೇಲೆ ಕಂದೀಲಿನ ತಳದಷ್ಟು ಅಗಲದ ಒಂದು ದುಂಡನೆಯ ಎಣ್ಣೆಯ ಗುರುತಿದೆ. ನಂದಾ ಸೋಡಾ ಹಾಕಿ ತಿಕ್ಕಿದಳು, ಹೋಗಲಿಲ್ಲ. ಮೂಗು ಹತ್ತಿರ ಒಯ್ದರೆ ಚಿಮಣಿ ಎಣ್ಣೆಯ ವಾಸನೆ. ಆ ಮನೆಯಲ್ಲಿ ಚಿಮಣಿ ಎಣ್ಣೆ ತಂದು ವರ್ಷಗಳೇ ಆದವು.

ಒಂದು ಮಷೀನು ಈಗ ಬಾಬಾಲಾಲನ ಕಟ್ಟೆಯ ಮೇಲಿದೆ. ಯಾವ ಓಣಿಯಲ್ಲಿ ಸಾವಾದರೂ ಇಬ್ಬರೂ ಅದನ್ನು ಹೊತ್ತು, ಕೇಳುವ ಮೊದಲೇ ಹೋಗುತ್ತಾರೆ. ಇನ್ನೊಂದು ಮದುಮಗಳ ಗಾಡಿಯಲ್ಲಿದೆ. ಅದರಲ್ಲಿ ಎಸಿ ಓಡುವುದಿಲ್ಲ. ಒಂದು ಟೇಬಲ್ ಫ್ಯಾನ್ ಇಟ್ಟಿದ್ದಾರೆ.