ಆರನೆಯವಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ಟೋಕಿಯೋದ ನಮ್ಮ ಹೊಂಜೋ ಓಣಿಯಲ್ಲಿ, ಪಕ್ಕದ ಮನೆಯ ತೋಮಿ ಅಜ್ಜಿಗೆ ಆದದ್ದು.

ಸಾರ್ವಜನಿಕ ಸ್ನಾನದ ಮನೆಯಿಂದ ಅಜ್ಜಿಯ ಮನೆಗೆ ಐದೇ ನಿಮಿಷದ ದಾರಿ. ಆದರೆ ನಡುವೆ ಹಳೇ ಬಾವಿಯ ಕೈಪಂಪು ಇದೆಯೆಂದು ಮೂವತ್ತಮೂರು ವರ್ಷ ಕಾಲುವೆ ಸುತ್ತಿಕೊಂಡೇ ಹೋಗುತ್ತಿದ್ದಳು. ಆ ಮಾರ್ಚ್ ರಾತ್ರಿ ಕಾಲುವೆಯ ಸೇತುವೆ ರಿಪೇರಿಗೆಂದು ಮುಚ್ಚಿತ್ತು.

"ಪಂಪೇನು ನಿಮ್ಮನ್ನ ನುಂಗುತ್ತಾ ಅಜ್ಜಿ?" ಸ್ನಾನದ ಮನೆಯ ಗಲ್ಲಾದವಳು ನಕ್ಕಳು. "ನಿಮ್ಮನ್ನ ಅರಗಿಸ್ಕೊಳ್ಳೋ ತಾಕತ್ತು ಅದಕ್ಕೆಲ್ಲಿ, ಹೋಗಿ."

ಅಜ್ಜಿಗೆ ನಗು ಬರಲಿಲ್ಲ. ಯುದ್ಧದ ಕೊನೆಯ ವರ್ಷ ವಿಮಾನಗಳು ಬೆಂಕಿ ಸುರಿದ ರಾತ್ರಿ, ಓಣಿಯ ಒಂಬತ್ತು ಜನ ಆ ಪಂಪಿನಿಂದ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿದ್ದರು. ಓಡಬಾರದು, ಬೆಂಕಿ ನಂದಿಸಬೇಕು ಎಂದು ಸರ್ಕಾರದ ಅಪ್ಪಣೆ. ಆರನೆಯವಳು ತೋಮಿ. ಬೆನ್ನಿಗೆ ಕಟ್ಟಿದ್ದ ಕೂಸಿನ ಟೋಪಿಗೆ ಕಿಡಿ ಹತ್ತಿದಾಗ ಬಕೆಟ್ ಕೆಳಗಿಟ್ಟು ಓಡಿದಳು. ಉಳಿದ ಎಂಟು ಜನ ಕದಲಲಿಲ್ಲ, ಅಲ್ಲೇ ಬೂದಿಯಾದರು. ಅವರನ್ನು ಎಲ್ಲರೂ ಧೀರರೆಂದರು. ತೋಮಿಯನ್ನು ಓಡಿದವಳೆಂದು ಯಾರೂ ಅನ್ನಲಿಲ್ಲ. ಅವಳೇ ದಿನವೂ ಅಂದುಕೊಂಡಳು.

ಪಂಪು ಹತ್ತಿರವಾಯಿತು.

ಕಿರ್ರ್... ಗಟಕ್. ಕಿರ್ರ್... ಗಟಕ್.

ಹಿಡಿಯ ಬಳಿ ಯಾರೂ ಇರಲಿಲ್ಲ.

"ಒಂದು." ಕತ್ತಲೊಳಗಿಂದ ಗಂಡು ದನಿ. "ಎರಡು." ಇದು ಹೆಂಗಸು. "ಮೂರು." "ನಾಲ್ಕು." "ಐದು."

ಆಮೇಲೆ... ಏನೂ ಇಲ್ಲ.

"ಮತ್ತೆ ಮೊದಲಿಂದ," ಎಂದಿತು ಆ ಮೊದಲ ದನಿ, ಗೊಗ್ಗರಾಗಿ. ಚಪ್ಪಲಿ ಮಾಡುತ್ತಿದ್ದ ಇವಾಸೆ, ಸಾಲಿನ ಮುಂದಾಳು. ಅವನ ಕಟ್ಟಳೆಯೇ ಅದು. ಒಬ್ಬರು ತಮ್ಮ ಸಂಖ್ಯೆ ಕೂಗದಿದ್ದರೂ ಎಲ್ಲರೂ ಒಂದರಿಂದ ಶುರುಮಾಡಬೇಕು. ಎಣಿಕೆ ಮುಗಿಯದೆ ಯಾರೂ ಮನೆಗೆ ಹೋಗುವಂತಿಲ್ಲ.

"ಒಂದು." "ಎರಡು."... "ಐದು."

ಅಜ್ಜಿಗೆ ಆಗ ಹೊಳೆಯಿತು. ಅಂದರೆ ಇಷ್ಟು ವರ್ಷವೂ ಇವರು... ಆರು ಎಂದುಬಿಟ್ಟರೆ ಅವರಿಗೆ ಬಿಡುಗಡೆ. ಆದರೆ ಹಾಗೆಂದರೆ ತಾನೂ ಆ ಸಾಲಿಗೆ ಸೇರಿದಂತೆ.

"ಇವಾಸೆಯವ್ರೇ..." ಅಜ್ಜಿ ಪಂಪಿನ ಕಡೆ ತಿರುಗಿದಳು. "ಆರನೆಯವಳು ಇಲ್ಲ. ನಾನು ಓಡ್ಹೋದೆ."

ಪಂಪು ನಿಂತಿತು.

"ಕೂಸು?"

"ಇದ್ದಾನೆ. ತೋಫು ಮಾರ್ತಾನೆ. ಇಬ್ರು ಹೆಣ್ಮಕ್ಕಳು ಅವನಿಗೆ."



"ಹೇಳಿ ಹೋಗೋದಲ್ವೇನೇ ಹುಡುಗಿ," ಎಂದ ಇವಾಸೆ, ಮೆಲ್ಲಗೆ. "ಹೂಂ, ಮುಂದಕ್ಕೆ."

"ಏಳು." "ಎಂಟು." "ಒಂಬತ್ತು."

ಮರದ ಚಪ್ಪಲಿಗಳು ಟಕ್ ಟಕ್ ಟಕ್ ಎಂದು ಒಂದೊಂದು ಬಾಗಿಲ ಕಡೆಗೆ ಚದುರಿದವು. ಅಜ್ಜಿ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸುಳ್ಳಾದರೆ ನನ್ನ ಕಣ್ಣು ಹೋಗಲಿ, ಬೆಳಗ್ಗೆ ಹಾಲಿನವನೂ ನೋಡಿದ, ನಾನೂ ನೋಡಿದೆ. ಮಳೆ ಬಂದಿರಲಿಲ್ಲ. ಪಂಪಿನಿಂದ ಓಣಿಯ ತುದಿಯವರೆಗೂ ನೆಲ ಒದ್ದೆ. ನಡುವೆ, ಒಬ್ಬಳು ನಿಲ್ಲುವಷ್ಟು ಜಾಗ ಮಾತ್ರ ಒಣಗಿತ್ತು.