ಬೂದಿಯ ಕೊರಳಪಟ್ಟಿ ಮತ್ತು ಬೇಲಿಯ ನಾಲ್ಕು ತಂತಿ

ಹೆಸರು: ಯಶೋಧರಾ ಕೋಂ ಭೀಮರಾಜು. ವಯಸ್ಸು: 43 ವರ್ಷ. ಕಸುಬು: ಟೈಲರಿಂಗ್. ವಾಸ: ಕ್ಯಾತಗಾನಚೆರ್ಲು ಗ್ರಾಮ, ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ.

ದಿನಾಂಕ 19-12-2024 ರಂದು ಬೆಳಿಗ್ಗೆ 11-00 ಗಂಟೆಗೆ ಠಾಣೆಗೆ ಹಾಜರಾಗಿ, ನನ್ನ ಮೇಲೆ ಬಂದಿರುವ ದೂರಿನ ಬಗ್ಗೆ ಹೇಳಿ ಬರೆಸುತ್ತಿರುವುದು ಏನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ ಭೀಮರಾಜು ಮತ್ತು ಅತ್ತೆ ಪೆದ್ದಮ್ಮ ಅವರೊಂದಿಗೆ ವಾಸವಾಗಿದ್ದೇನೆ. ಹದಿನಾರು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಮತ್ತು ಬ್ಯಾಗ್ ಹೊಲಿಯುತ್ತೇನೆ. ನಾನು ಹೊಲಿದ ಬ್ಯಾಗಿನ ಪಟ್ಟಿ ಕಿತ್ತುಬಂತೆಂದು ಇದುವರೆಗೆ ಯಾರೂ ವಾಪಸು ತಂದಿಲ್ಲ. ಇದನ್ನು ಹೇಳುವ ಕಾರಣ ಮುಂದೆ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಎರಡು ವರ್ಷದ ಹೆಣ್ಣು ಬೆಕ್ಕು ಇದೆ. ಒಲೆಯ ಬೂದಿಯ ಬಣ್ಣ, ಆದ್ದರಿಂದ ಬೂದಿ ಎಂದು ಕರೆಯುತ್ತೇವೆ. ಅದು ದಿನವೂ ಸಂಜೆ ಮನೆಯಿಂದ 340 ಹೆಜ್ಜೆ ದೂರದ ಸೋಲಾರ್ ಪ್ಲಾಂಟಿನ ಬೇಲಿ ಹತ್ತಿ ದಾಟಿ, ಪ್ಯಾನಲ್‌ಗಳ ಕೆಳಗೆ ಇಲಿ ಹಿಡಿದು, ಬೆಳಿಗ್ಗೆ 6-15ರ ಒಳಗೆ ಹಾಲಿಗೆ ಬರುತ್ತದೆ.

ದಿನಾಂಕ 10-11-2024 ರಂದು ಆ ಪ್ಲಾಂಟಿನ ಕಾವಲುಗಾರ, ನಮ್ಮ ಊರಿನವರೇ ಆದ ಕದಿರಯ್ಯನವರು ಮನೆಗೆ ಬಂದು, ಮೇಲ್ವಿಚಾರಕರಾದ ನವೀನ್ ಕುಮಾರ್ ಅವರ ಆದೇಶವಾಗಿದೆ, ಒಳಗೆ ಕಂಡ ವಾರಸುದಾರರಿಲ್ಲದ ಬೆಕ್ಕು ನಾಯಿಗಳನ್ನು ಚೀಲಕ್ಕೆ ಹಾಕಿ ಪ್ಲಾಂಟಿನ ಗಾಡಿಯಲ್ಲಿ ದೂರದ ನಾಗಲಮಡಿಕೆ ಕಡೆ ಬಿಟ್ಟು ಬರುತ್ತಾರೆ, ಆಗಲೇ ಎರಡು ಬೆಕ್ಕು ಹೋದವು ಎಂದರು. ಕೊರಳಲ್ಲಿ ಏನಾದರೂ ಇದ್ದರೆ ಮುಟ್ಟುವುದಿಲ್ಲ ಎಂದೂ ಹೇಳಿ, ಜೇಬಿನಿಂದ ವೈರು ಕಟ್ಟುವ ಪ್ಲಾಸ್ಟಿಕ್ಕಿನ ಒಂದು ಕೇಬಲ್ ಟೈ ತೆಗೆದು, ಇದ್ ಹಾಕ್ಬುಡು ಯಶೋಧಮ್ಮ, ಜನ್ಮದಾಗೆ ಬಿಚ್ಚಲ್ಲ ಎಂದರು. ನಮ್ಮ ಊರಿನಲ್ಲಿ ಪ್ಲಾಂಟು ಬಂದ ಮೇಲೆ ಮಂಚದ ಕಾಲು, ಬಕೆಟ್ಟಿನ ಹಿಡಿ, ಕೋಳಿಗೂಡಿನ ಬಾಗಿಲು ಎಲ್ಲಕ್ಕೂ ಕೇಬಲ್ ಟೈ. ನಾನು ಬೇಡವೆಂದೆ. ಅದು ಬಿಗಿಯುತ್ತದೆ, ಸಡಿಲವಾಗುವುದಿಲ್ಲ.

ಮಾರನೇ ದಿನ ಬ್ಯಾಗಿಗೆ ಹಾಕುವ ನೈಲಾನ್ ಪಟ್ಟಿಯಲ್ಲಿ, ಸ್ಟೀಲ್ ಬಕಲ್ ಇಟ್ಟು, ಮೂರು ಸಾಲು ಹೊಲಿಗೆ ಹಾಕಿ ನಾನೇ ಒಂದು ಕೊರಳಪಟ್ಟಿ ಮಾಡಿದೆ. ಎರಡೂ ಕೈಯಲ್ಲಿ ಎಳೆದು ನೋಡಿದೆ, ಜಗ್ಗಲಿಲ್ಲ. ಅದನ್ನು ಬೂದಿಯ ಕೊರಳಿಗೆ ಹಾಕಿದೆ. ಅಂದು ಅದು ನನಗೆ ಸಮಾಧಾನ ಕೊಟ್ಟಿತ್ತು.

ದಿನಾಂಕ 03-12-2024 ರಂದು ಬೆಳಿಗ್ಗೆ 6-40 ಆದರೂ ಬೂದಿ ಬರಲಿಲ್ಲ. 7-05ಕ್ಕೆ ಕದಿರಯ್ಯನವರು ಫೋನ್ ಮಾಡಿ, ಬಿರ್ನೆ ಬಾರಮ್ಮ, ನಿನ್ ಬೆಕ್ಕು ಬೇಲಿಗ್ ನೇತಾಡ್ತೈತೆ ಎಂದರು. ನಾನು ಬಟ್ಟೆ ಕತ್ತರಿಸುವ ಕತ್ತರಿ ಮತ್ತು ಗಂಡನ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಓಡಿದೆ. ಚಪ್ಪಲಿ ಹಾಕಿರಲಿಲ್ಲ.

ಜಾಲರಿಯ ಒಳಬದಿಗೆ ಬಾಗಿದ್ದ ತಂತಿಯ ತುದಿ ಕೊರಳಪಟ್ಟಿಯೊಳಗೆ ಹೊಕ್ಕು ಬೂದಿ ನೇತಾಡುತ್ತಿತ್ತು. ಹಿಂಗಾಲಿನ ಉಗುರು ಮಾತ್ರ ನೆಲಕ್ಕೆ ತಾಗುತ್ತಿತ್ತು. ಸುತ್ತ ಒಂದು ಅಡಿ ಅಗಲ ನೆಲವೆಲ್ಲ ಗೀರಿಹೋಗಿತ್ತು. ಅದರಿಂದ ಬೂದಿ ಬಹಳ ಹೊತ್ತು ಒದ್ದಾಡಿತ್ತು ಎಂದು ತಿಳಿಯಿತು. ನಾನೂ ಕದಿರಯ್ಯನವರೂ ಹೊರಗಿದ್ದೆವು. ಗೇಟಿನ ಕೀಲಿ ಮೇಲ್ವಿಚಾರಕರ ಬಳಿ ಇರುತ್ತದೆ, ಅವರು ಬರುವುದು 9 ಗಂಟೆಗೆ. ಜಾಲರಿಯ ಕಣ್ಣಿನೊಳಗೆ ಕತ್ತರಿ ಹಿಡಿದ ಕೈ ಹೋಗಲಿಲ್ಲ. ಆಗ ಪ್ಲೇಯರಿನಿಂದ ಬೇಲಿಯ ನಾಲ್ಕು ತಂತಿ ಕತ್ತರಿಸಿದೆ. ಕದಿರಯ್ಯನವರು ಬ್ಯಾಡ ಕಣಮ್ಮ, ನನ್ ಕೆಲ್ಸ ಹೋಯ್ತದೆ ಎಂದರು. ನಂತರ ರಸ್ತೆಯ ಕಡೆಗೆ ತಿರುಗಿ ನಿಂತರು. ನಾನು ಕತ್ತರಿಸುವಾಗ ಅವರ ಬೆನ್ನು ನನ್ನ ಕಡೆಗಿತ್ತು. ಅವರು ನನಗೆ ಸಹಾಯ ಮಾಡಿಲ್ಲ.

ನಾನು ಪ್ಲಾಂಟಿನೊಳಗೆ ಕಾಲಿಟ್ಟಿಲ್ಲ. ಎರಡು ಕೈಗಳು ಭುಜದವರೆಗೆ ಒಳಗೆ ಹೋಗಿವೆ. ಪಟ್ಟಿ ಕತ್ತರಿಸಲು ಮೂರು ಸಲ ಪ್ರಯತ್ನಿಸಬೇಕಾಯಿತು. ಬಕಲ್ ಬಿಚ್ಚಲಿಲ್ಲ, ಹೊಲಿಗೆ ಬಿಡಲಿಲ್ಲ. ಅದು ನನ್ನದೇ ಹೊಲಿಗೆ. 7-31ಕ್ಕೆ ಬೆಕ್ಕು ನನ್ನ ಕೈಗೆ ಬಂತು. ಅದು ಕೂಗಲಿಲ್ಲ.

ಅದೇ ದಿನ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪಾವಗಡಕ್ಕೆ ಹೋಗಿ ಪಶುವೈದ್ಯರಾದ ಪ್ರಸನ್ನಕುಮಾರ್ ಅವರಿಗೆ ತೋರಿಸಿದೆ. ಕೊರಳಿನ ಸುತ್ತ ಚರ್ಮ ಸುಲಿದಿತ್ತು. ಅವರು ಔಷಧಿ ಹಚ್ಚುತ್ತಾ, ಹೊರಗೆ ತಿರುಗುವ ಬೆಕ್ಕಿಗೆ ಗಟ್ಟಿ ಪಟ್ಟಿ ಹಾಕಬಾರದು, ಎಲ್ಲಾದರೂ ಸಿಕ್ಕಿಕೊಂಡು ಎಳೆದರೆ ತಾನೇ ಬಿಚ್ಚಿಕೊಳ್ಳಬೇಕು ಎಂದರು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲವಿದ್ದರೆ ಮುಂಗಾಲು ಸಿಕ್ಕಿಕೊಳ್ಳುತ್ತದೆ, ಎಲಾಸ್ಟಿಕ್ ಬೇಡ, ಏನನ್ನೂ ನೇತುಹಾಕಬೇಡಿ ಎಂದರು. ಎಷ್ಟು ಭಾರಕ್ಕೆ ಬಿಚ್ಚಬೇಕು ಎಂದು ಕೇಳಿದೆ. ಅವರು ಬೂದಿಯನ್ನು ತೂಗಿ 3 ಕೆ.ಜಿ. 200 ಗ್ರಾಂ ಎಂದು ಹೇಳಿ, ಅದರ ಅರ್ಧ ಭಾರಕ್ಕೇ ಬಿಟ್ಟರೆ ಒಳ್ಳೆಯದು ಎಂದರು. ಅಂಥ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ, ನಮ್ಮ ಕಡೆಗೆ ಬರಲು ಹತ್ತು ಹದಿನೈದು ದಿನ ಆಗಬಹುದು ಎಂದೂ ಹೇಳಿದರು. ನಾನೇ ಹೊಲಿಯುತ್ತೇನೆ ಎಂದೆ. ಅವರು ನಕ್ಕು, ಹಂಗಾದ್ರೆ ಟೈಲರಮ್ಮ, ನೀವು ಬೇಕಂತ್ಲೇ ಕೆಟ್ಟದಾಗಿ ಹೊಲೀಬೇಕು ಎಂದರು.

ಸಂಜೆ 5 ಗಂಟೆಗೆ ಊರಿಗೆ ವಾಪಸಾಗಿ, ಕತ್ತರಿಸಿದ ನಾಲ್ಕು ತಂತಿಗಳಿಗೆ ಹೊರಗಿನಿಂದಲೇ ಹೊಸ ತಂತಿ ಸುತ್ತಿ ಜೋಡಿಸಿದೆ. ಆ ಜೋಡಣೆ ಈಗಲೂ ಬಿಟ್ಟಿಲ್ಲ, ಯಾರು ಬೇಕಾದರೂ ನೋಡಬಹುದು.

ಮುಂದಿನ ಒಂಬತ್ತು ದಿನ ಬೂದಿಯನ್ನು ಕೋಣೆಯಲ್ಲಿ ಕೂಡಿಹಾಕಿದೆ. ಅದು ಬಾಗಿಲ ಸಂದಿಗೆ ಮೂಗಿಟ್ಟು ಕೂರುತ್ತಿತ್ತು. ಹೊರಗೆ ಬಿಡಲೇಬೇಕು, ಪಟ್ಟಿ ಇಲ್ಲದೆ ಬಿಡುವಂತಿಲ್ಲ ಎಂದು ತೀರ್ಮಾನಿಸಿದೆ. ಒಂದೂವರೆ ಕೆ.ಜಿ. ರಾಗಿಯನ್ನು ಬಟ್ಟೆಚೀಲದಲ್ಲಿ ಕಟ್ಟಿ, ಒಂದೊಂದೇ ಪಟ್ಟಿ ಹೊಲಿದು ಕಿಟಕಿಯ ಸರಳಿಗೆ ಸಿಕ್ಕಿಸಿ, ಆ ಚೀಲವನ್ನು ತೂಗುಹಾಕಿ ನೋಡಿದೆ. ವೆಲ್ಕ್ರೋ ಹಚ್ಚಿದ್ದು ಭಾರಕ್ಕೆ ಬಿಡಲಿಲ್ಲ, ಕೂದಲನ್ನೂ ಹಿಡಿಯಿತು. ಮಿಷಿನ್ ಹೊಲಿಗೆ ಎಷ್ಟು ಸಡಿಲ ಮಾಡಿದರೂ ಬಿಡಲಿಲ್ಲ. ನಂತರ ಮೆತ್ತನೆಯ ಕೆಂಪು ಕಾಟನ್ ಪಟ್ಟಿಯ ಎರಡು ತುದಿಗಳನ್ನು ಒಂದೆಳೆ ನೂಲಿನಲ್ಲಿ ಕೈಯಿಂದ ಕಚ್ಚಾ ಹೊಲಿಗೆ ಹಾಕಿ ಸೇರಿಸಿದೆ. ನಾಲ್ಕು ಹೊಲಿಗೆ ಹಾಕಿದರೆ ಚೀಲ ನಿಂತಿತು. ಮೂರಕ್ಕೂ ನಿಂತಿತು. ಎರಡು ಹಾಕಿದಾಗ ಬಿದ್ದಿತು. ಆರು ಸಲ ಮಾಡಿದೆ, ಆರು ಸಲವೂ ಬಿದ್ದಿತು. ಅತ್ತೆ ಪೆದ್ದಮ್ಮನವರು ಬಾಗಿಲಲ್ಲಿ ಕುಳಿತು ಬೀದಿಯಲ್ಲಿ ಹೋಗುವವರಿಗೆಲ್ಲ, ಹದ್ನಾರ್ ವರ್ಸ ಮಿಷಿನ್ ತುಳ್ದು ನಮ್ ಸೊಸೆ ಅಮ್ಮಾಯಿ ಇವತ್ತು ಬಿಚ್ಚೋಗೋ ಹೊಲಿಗೆ ಕಲ್ತವ್ಳೆ, ಯಾರ್ಗಾದ್ರೂ ರವಿಕೆ ಹೊಲಿಸ್ಬೇಕಾ ಎಂದು ಕೇಳುತ್ತಿದ್ದರು. ಕೆಳಗೆ ಚೆಲ್ಲಿದ ರಾಗಿಯನ್ನು ಪ್ರತಿ ಸಲ ಆರಿಸಿಕೊಟ್ಟವರೂ ಅವರೇ.

ಅಂಥ ಐದು ಪಟ್ಟಿ ಹೊಲಿದು, ಪ್ರತಿಯೊಂದರ ಮೇಲೂ ನನ್ನ ಫೋನ್ ನಂಬರನ್ನು ಬಿಳಿ ದಾರದಲ್ಲಿ ಹೊಲಿದೆ. ಗಾಯ ಒಣಗಿದ ಮೇಲೆ ದಿನಾಂಕ 12-12-2024 ರಂದು ಸಂಜೆ ಒಂದನ್ನು ಬೂದಿಯ ಕೊರಳಿಗೆ ಹಾಕಿ, ಎರಡು ಬೆರಳು ಇಟ್ಟು ನೋಡಿ, ಹೊರಗೆ ಬಿಟ್ಟೆ. ಪ್ರತಿದಿನ ಬೆಳಿಗ್ಗೆ 6-15ರವರೆಗೆ ನಾನು ಮಿಷಿನ್ ಮುಂದೆ ಕುಳಿತಿರುತ್ತಿದ್ದೆ. ತುಳಿಯುತ್ತಿರಲಿಲ್ಲ.

ದಿನಾಂಕ 18-12-2024 ರಂದು ಬೆಳಿಗ್ಗೆ 6-10ಕ್ಕೆ ಬೂದಿ ಕೊರಳಲ್ಲಿ ಪಟ್ಟಿಯಿಲ್ಲದೆ ಬಂತು. ಗಾಯವಿರಲಿಲ್ಲ. ಹಾಲು ಕುಡಿದು ಮಲಗಿತು. ನಾನು ಎರಡನೇ ಪಟ್ಟಿ ಹಾಕಿದೆ. 10-20ಕ್ಕೆ ಮೇಲ್ವಿಚಾರಕ ನವೀನ್ ಕುಮಾರ್ ಅವರು ಬೈಕಿನಲ್ಲಿ ಬಂದು, ಬೇಲಿಯ ಒಳಬದಿಯ ತಂತಿಗೆ ಸಿಕ್ಕಿದ್ದ ಕೆಂಪು ಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತೋರಿಸಿ, ಪಟ್ಟಿ ಐತೆ, ಬೆಕ್ಕಿಲ್ಲ, ಹಂಗಾದ್ರೆ ಬಿಡಿಸ್ದೋರ್ಯಾರು, ಹೋದ ಸಲ ತಂತಿ ಕತ್ತರ್ಸಿದ್ದೂ ನೀವೇ, ಈ ಸಲ ಒಳಗೇ ಬಂದಿದ್ದೀರಾ ಎಂದು ಗದರಿದರು. ತಾನೇ ಬಿಚ್ಚಿಕೊಂಡಿದೆ ಎಂದೆ. ಬೆಕ್ಕು ಕೈ ಹಾಕಿ ಬಿಚ್ಕೊಂಡ್ತಾ ಎಂದು ನಕ್ಕು ಹೋಗಿ, ಎರಡೂ ಸಲದ ಬಗ್ಗೆ ದೂರು ಕೊಟ್ಟಿದ್ದಾರೆ.

03-12-2024 ರಂದು ತಂತಿ ಕತ್ತರಿಸಿದ್ದು ನಾನೇ. ಅದಕ್ಕೆ ಬರುವ ಕ್ರಮಕ್ಕೆ ಒಳಪಡುತ್ತೇನೆ. ಅಂಥ ಹೊತ್ತು ಮತ್ತೆ ಬಂದರೆ ಮತ್ತೆ ಕತ್ತರಿಸುತ್ತೇನೆ ಎಂಬುದನ್ನೂ ಬರೆದುಕೊಳ್ಳಬೇಕೆಂದು ಕೇಳಿದ್ದೇನೆ. 18-12-2024 ರಂದು ನಾನು ಬೇಲಿಯ ಹತ್ತಿರ ಹೋಗಿಲ್ಲ.

ಈ ದಿನ ಠಾಣೆಯಲ್ಲಿ, ನವೀನ್ ಕುಮಾರ್ ಅವರ ಸಮಕ್ಷಮ, ನಾನು ತಂದಿದ್ದ ಮೂರನೇ ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ರಾಗಿಚೀಲ ತೂಗುಹಾಕಿದೆ. ಪಟ್ಟಿ ಬಿಚ್ಚಿಕೊಂಡು ಚೀಲ ಕೆಳಗೆ ಬಿತ್ತು. ಚೆಲ್ಲಿದ ರಾಗಿಯನ್ನು ನಾನೇ ಗುಡಿಸಿದ್ದೇನೆ. ನವೀನ್ ಕುಮಾರ್ ಅವರು ಬಿಚ್ಚಿದ ಪಟ್ಟಿಯನ್ನು ಎತ್ತಿ ನೋಡಿ, ಪಟ್ಟಿ ಬಿದ್ದ ದಿನವೇ ನಮ್ಮ ಗಾಡಿ ಬಂದ್ರೆ ಏನ್ಮಾಡ್ತೀರಾ ಎಂದು ಕೇಳಿದರು. ಬೇಲಿಯಲ್ಲಿ ಕೆಂಪು ಪಟ್ಟಿ ಸಿಕ್ಕರೆ ಆ ದಿನ ಬೂದಿ ಬಣ್ಣದ ಬೆಕ್ಕನ್ನು ಮುಟ್ಟಬೇಡಿ, ಪಟ್ಟಿಯನ್ನು ಗೇಟಿಗೆ ನೇತುಹಾಕಿ, ನಾನು ಬಂದು ತೆಗೆದುಕೊಳ್ಳುತ್ತೇನೆ ಎಂದೆ. ರಸ್ತೆಯಿಂದ ಎಣಿಸಿದಂತೆ ಒಳಮುಖವಾಗಿ ಬಾಗಿದ ಹನ್ನೊಂದು ತಂತಿ ತುದಿಗಳಿವೆ, ಅವನ್ನು ತಿರುಗಿಸಬೇಕೆಂದೂ ಹೇಳಿದೆ. ಅವರು ಒಪ್ಪಿದರು ಎಂದು ನಾನು ಹೇಳುವುದಿಲ್ಲ. ಹನ್ನೊಂದು ಎಂಬ ಸಂಖ್ಯೆಯನ್ನು ಫೋನಿನಲ್ಲಿ ಬರೆದುಕೊಂಡರು.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ಕೆಂಪು ಪಟ್ಟಿ ಹರಿದಿತ್ತು ಎಂದಿದ್ದ ಕಡೆ, ಪಟ್ಟಿ ಹರಿದಿಲ್ಲ, ಅದರ ಎರಡು ಹೊಲಿಗೆ ಬಿಟ್ಟಿವೆ ಎಂದು ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನನಗೆ ತಿಳಿದ ಮಟ್ಟಿಗೆ ನಿಜವಾಗಿದೆ. ನವೀನ್ ಕುಮಾರ್ ಅವರು ದೂರಿನೊಂದಿಗೆ ಕೊಟ್ಟು ಈಗ ಜಪ್ತಿಯಾಗಿರುವ ಕೆಂಪು ಪಟ್ಟಿಯನ್ನು ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕೆಂದು ಕೋರುತ್ತೇನೆ. ಎರಡು ಹೊಲಿಗೆ ಹಾಕಿದರೆ ಅದು ಮತ್ತೆ ಉಪಯೋಗಕ್ಕೆ ಬರುತ್ತದೆ.

ಸ್ಥಳ: ಪಾವಗಡ ತಾಲ್ಲೂಕು
ದಿನಾಂಕ: 19-12-2024, ಮಧ್ಯಾಹ್ನ 12-50

(ಸಹಿ) ಯಶೋಧರಾ